ಸೋಮವಾರದಿಂದ ಸೋಮವಾರಕ್ಕೆ 21 ದಿನ: ಇರಾಕಿನ ಕುರ್ದರು ಸ್ವಾತಂತ್ರ್ಯಕ್ಕೆ ಮತ ಹಾಕಿದಾಗ

2017ರ ಸೆಪ್ಟೆಂಬರ್ 25, ಸೋಮವಾರ. ಇರಾಕಿನ ಉತ್ತರದಲ್ಲಿ ಕುರ್ದರು ಹಬ್ಬದ ಬಟ್ಟೆ ತೊಟ್ಟು ಮತಗಟ್ಟೆಗೆ ಬಂದರು. ಬೀದಿ ತುಂಬ ಬಾವುಟ. ಕೆಂಪು, ಬಿಳಿ, ಹಸಿರು ಪಟ್ಟೆ, ನಡುವೆ ಹಳದಿ ಸೂರ್ಯ. ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅದನ್ನು ಕುರ್ದಿಷ್, ಅರಬಿ, ತುರ್ಕ್‌ಮನ್, ಸಿರಿಯಾಕ್ ಎಂಬ ನಾಲ್ಕು ಭಾಷೆಗಳಲ್ಲಿ ಅಚ್ಚು ಹಾಕಿದ್ದರು. ಕುರ್ದಿಸ್ತಾನ ಪ್ರದೇಶವೂ (ಇರಾಕಿನೊಳಗೆ ಕುರ್ದರ ಸ್ವಾಯತ್ತ ಆಡಳಿತವಿರುವ ಭಾಗ), ಅದರ ಆಡಳಿತದ ಆಚೆಗಿರುವ ಕುರ್ದಿಸ್ತಾನದ ಜಾಗಗಳೂ ಸೇರಿ ಸ್ವತಂತ್ರ ದೇಶ ಆಗಬೇಕೇ?

ಸುಮಾರು 33 ಲಕ್ಷ ಜನ ಮತ ಹಾಕಿದರು. ಮತದಾನ ಶೇ. 72.16. ಹೌದು ಅಂದವರು ಶೇ. 92.73.

ಸರಿಯಾಗಿ ಮೂರು ವಾರ ಕಳೆಯಿತು. ಅಕ್ಟೋಬರ್ 16, ಮತ್ತೆ ಸೋಮವಾರ. ಅವತ್ತು ಸಂಜೆಯ ಹೊತ್ತಿಗೆ, ಕುರ್ದರ ಹಿಡಿತದಲ್ಲಿದ್ದ ತೈಲದ ನಗರ ಕಿರ್ಕುಕ್ ಇರಾಕಿ ಸೇನೆಯ ಕೈಯಲ್ಲಿತ್ತು. ಗವರ್ನರ್ ಕಚೇರಿಯ ಮೇಲಿದ್ದ ಸೂರ್ಯನ ಬಾವುಟ ಕೆಳಗಿಳಿದಿತ್ತು. ಕುರ್ದಿಸ್ತಾನದ ರಾಜಧಾನಿ ಎರ್ಬಿಲ್ ಮತ್ತು ಸುಲೈಮಾನಿಯಾ ಕಡೆ ಹೋಗುವ ರಸ್ತೆಗಳಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡ ಕಾರುಗಳ ಸಾಲು ನಿಂತಿತ್ತು.

ಈ 21 ದಿನಗಳಲ್ಲಿ ಆದದ್ದೇನು ಎಂದು ಬಿಡಿಸಿ ನೋಡುವುದೇ ಈ ಬರಹದ ಕೆಲಸ. ಕುರ್ದರ ಪ್ರಶ್ನೆಯನ್ನು ‘ದೇಶದ ಏಕತೆಯೋ, ಸ್ವಾತಂತ್ರ್ಯವೋ’ ಎಂದು ಎರಡೇ ದಾರಿಗಳಾಗಿ ಕೇಳುವುದು ವಾಡಿಕೆ. 2017ರ ಘಟನೆಯನ್ನು ಹತ್ತಿರದಿಂದ ನೋಡಿದರೆ ಮೂರನೆಯದೊಂದು ಕಾಣುತ್ತದೆ. ಕುರ್ದರು ತಮ್ಮೊಳಗೇ ಒಂದಾಗಿದ್ದರೇ? ನನ್ನ ಪ್ರಕಾರ ಫಲಿತಾಂಶವನ್ನು ತೀರ್ಮಾನಿಸಿದ್ದು ಇದೇ.

ನೆನಪಿನ ಭಾರ

ಮೂರು ಕೋಟಿಗೂ ಮೀರಿದ ಜನ, ಸ್ವಂತ ದೇಶವಿಲ್ಲ. ಟರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಅವರು ತಮ್ಮ ನಾಡಿನ ಭಾಗಗಳನ್ನು ಆ ದೇಶಗಳ ಹೆಸರಿನಿಂದ ಕರೆಯುವುದೇ ಕಡಿಮೆ. ದಿಕ್ಕಿನಿಂದ ಕರೆಯುತ್ತಾರೆ. ಟರ್ಕಿಯ ಭಾಗ ಬಾಕೂರ್, ಅಂದರೆ ಉತ್ತರ. ಇರಾಕಿನದು ಬಾಶೂರ್, ದಕ್ಷಿಣ. ಸಿರಿಯಾದ್ದು ರೋಜಾವಾ, ಪಶ್ಚಿಮ. ಇರಾನಿನದು ರೋಜ್‌ಹಲಾತ್, ಪೂರ್ವ. ನಕ್ಷೆಯಲ್ಲಿ ಇಲ್ಲದ ದೇಶವೊಂದು ಮಾತಿನಲ್ಲಿ ಹೀಗೆ ಉಳಿದುಕೊಂಡಿದೆ.

ಮೊದಲ ಮಹಾಯುದ್ಧದಲ್ಲಿ ಒಟ್ಟೊಮನ್ ಸಾಮ್ರಾಜ್ಯ ಸೋತ ಮೇಲೆ ಆದ 1920ರ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೆ ಮೊದಲು ಸ್ವಾಯತ್ತ ಆಡಳಿತ, ಮುಂದೆ ಬೇಕಿದ್ದರೆ ಸ್ವಾತಂತ್ರ್ಯ ಎಂಬ ಮಾತಿತ್ತು. ಅದು ಜಾರಿಗೆ ಬರಲೇ ಇಲ್ಲ. 1923ರ ಲೊಸಾನ್ ಒಪ್ಪಂದ ಅದರ ಜಾಗಕ್ಕೆ ಬಂತು. ಅದರಲ್ಲಿ ಕುರ್ದರ ಹೆಸರೇ ಇರಲಿಲ್ಲ. 1946ರ ಜನವರಿಯಲ್ಲಿ ಇರಾನಿನ ಮಹಾಬಾದ್‌ನಲ್ಲಿ ಕುರ್ದರ ಗಣರಾಜ್ಯವೊಂದು ಹುಟ್ಟಿತು. ಸೋವಿಯತ್ ಸೇನೆಯ ಆಸರೆ ಇರುವ ತನಕ ಅದೂ ಇತ್ತು. ಸೋವಿಯತ್ತರು ಹಿಂದೆ ಸರಿದರು, ವರ್ಷ ಮುಗಿಯುವ ಮೊದಲೇ ಗಣರಾಜ್ಯ ಬಿತ್ತು. ಅಧ್ಯಕ್ಷ ಕಾಜಿ ಮುಹಮ್ಮದ್ ಅವರನ್ನು 1947ರ ಮಾರ್ಚ್‌ನಲ್ಲಿ ಅದೇ ಊರಿನ ಚೌಕದಲ್ಲಿ ಗಲ್ಲಿಗೇರಿಸಿದರು. ಆ ಗಣರಾಜ್ಯದ ಸೇನಾನಿಗಳಲ್ಲಿ ಮುಸ್ತಫಾ ಬರ್ಜಾನಿ ಒಬ್ಬರು. ಅವರ ಮಗ ಮಸೂದ್ ಬರ್ಜಾನಿ ಹುಟ್ಟಿದ್ದು ಆಗಲೇ, ಅದೇ ಮಹಾಬಾದ್‌ನಲ್ಲಿ. 71 ವರ್ಷಗಳ ನಂತರ ಜನಮತಗಣನೆಗೆ ಕರೆ ಕೊಟ್ಟದ್ದು ಇದೇ ಮಸೂದ್. ಇದನ್ನು ಮರೆತರೆ ಅವರ ಹಟ ಅರ್ಥವಾಗುವುದಿಲ್ಲ.

1970ರ ಮಾರ್ಚ್ 11ರಂದು ಬಾಗ್ದಾದ್ ಸ್ವಾಯತ್ತತೆಯ ಒಪ್ಪಂದಕ್ಕೆ ಸಹಿ ಹಾಕಿತು. ಕಿರ್ಕುಕ್ ಯಾರದ್ದು ಎಂಬುದು ಆಗಲೂ ತೀರ್ಮಾನವಾಗದೆ ಉಳಿಯಿತು. 1974ರಲ್ಲಿ ಯುದ್ಧ ಶುರುವಾಯಿತು. ಕುರ್ದರ ಬೆನ್ನಿಗೆ ಇರಾನಿನ ಶಾ ಇದ್ದರು, ಅವರ ಹಿಂದೆ ಅಮೆರಿಕ ಇತ್ತು. 1975ರ ಮಾರ್ಚ್ 6ರಂದು ಶಾ ಮತ್ತು ಸದ್ದಾಂ ಹುಸೇನ್ ಅಲ್ಜೀರ್ಸ್‌ನಲ್ಲಿ ಕೈಕುಲುಕಿದರು. ಗಡಿನದಿಯ ಜಗಳ ಇರಾನಿಗೆ ಬೇಕಾದಂತೆ ಮುಗಿಯಿತು, ಕುರ್ದರಿಗೆ ಬರುತ್ತಿದ್ದ ನೆರವು ನಿಂತಿತು. ಕೆಲವೇ ದಿನಗಳಲ್ಲಿ ಹೋರಾಟ ಕುಸಿಯಿತು. ಕುರ್ದರು ಈ ಕುಸಿತವನ್ನು ‘ಆಶ್‌ಬತಾಲ್’ ಅನ್ನುತ್ತಾರೆ. ಬೀಸುಕಲ್ಲು ನಿಂತುಹೋಯಿತು ಎಂದು ಅದರ ಅರ್ಥ. ಧಾನ್ಯ ಇದೆ, ಗಿರಣಿ ಇದೆ, ತಿರುಗಿಸುವ ನೀರನ್ನು ಮೇಲಿನವರು ಕಟ್ಟಿಬಿಟ್ಟಿದ್ದಾರೆ.

ಆಮೇಲೆ 1988 ಬಂತು. ಅನ್ಫಾಲ್ ಹೆಸರಿನ ಕಾರ್ಯಾಚರಣೆಯಲ್ಲಿ ಸದ್ದಾಂ ಸೇನೆ ಸಾವಿರಾರು ಹಳ್ಳಿಗಳನ್ನು ನೆಲಸಮ ಮಾಡಿತು. ಸತ್ತವರು 50 ಸಾವಿರದಿಂದ 1 ಲಕ್ಷ ಎಂದು ಮಾನವ ಹಕ್ಕು ಸಂಘಟನೆಗಳ ಅಂದಾಜು. 1 ಲಕ್ಷ 82 ಸಾವಿರ ಎಂದು ಕುರ್ದರ ಲೆಕ್ಕ. ಅದೇ ವರ್ಷ ಮಾರ್ಚ್ 16ರಂದು ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿಯಿತು. ಸುಮಾರು 5,000 ಜನ ಸತ್ತರು. ‘ಇರಾಕಿನ ಏಕತೆ’ ಎಂಬ ಮಾತು ಕೇಳಿದಾಗ ಹಲಬ್ಜಾದ ಒಬ್ಬ ತಾಯಿಗೆ ಏನು ನೆನಪಾಗುತ್ತದೆ? 92.73 ಎಂಬ ಅಂಕಿಯನ್ನು ಓದುವಾಗ ಇದು ಮನಸ್ಸಿನಲ್ಲಿರಬೇಕು. ಆ ಹೌದು ಸುಮ್ನೆ ಬಂದದ್ದಲ್ಲ.

ಒಂದು ಮನೆ, ಎರಡು ಒಲೆ

1991ರ ಬಂಡಾಯ, ಅದರ ಬೆನ್ನಿಗೆ ಹಿಮದ ಬೆಟ್ಟಗಳತ್ತ ಲಕ್ಷಾಂತರ ಜನರ ಓಟ, ಆಮೇಲೆ ಅಮೆರಿಕ ಮತ್ತು ಮಿತ್ರದೇಶಗಳ ವಿಮಾನ ಕಾವಲು. ಹೀಗೆ ಬಾಶೂರ್‌ಗೆ ಉಸಿರಾಡಲು ಜಾಗ ಸಿಕ್ಕಿತು. 1992ರ ಮೇನಲ್ಲಿ ಮೊದಲ ಚುನಾವಣೆ. ಎರಡು ಪಕ್ಷಗಳು ಹೆಚ್ಚೂಕಡಿಮೆ ಸಮವಾಗಿ ಗೆದ್ದವು. ಒಂದು ಬರ್ಜಾನಿ ಮನೆತನದ ಕುರ್ದಿಸ್ತಾನ್ ಡೆಮಾಕ್ರಟಿಕ್ ಪಾರ್ಟಿ, ಕೆಡಿಪಿ. ಇನ್ನೊಂದು 1975ರ ಸೋಲಿನ ನಂತರ ಜಲಾಲ್ ತಲಬಾನಿ ಕಟ್ಟಿದ ಪೇಟ್ರಿಯಾಟಿಕ್ ಯೂನಿಯನ್, ಪಿಯುಕೆ. ಕೆಡಿಪಿಯ ನೆಲೆ ಎರ್ಬಿಲ್, ದುಹೋಕ್. ಪಿಯುಕೆಯ ನೆಲೆ ಸುಲೈಮಾನಿಯಾ. ಕುರ್ಚಿಗಳನ್ನು ಅರ್ಧರ್ಧ ಹಂಚಿಕೊಂಡರು. ಎರಡೇ ವರ್ಷದಲ್ಲಿ ಬಂದೂಕು ಎತ್ತಿಕೊಂಡರು.

1994ರಿಂದ 1998ರವರೆಗೆ ಕುರ್ದರು ಕುರ್ದರನ್ನೇ ಕೊಂದರು. 1996ರ ಆಗಸ್ಟ್ 31ರಂದು ಕೆಡಿಪಿ, ಪಿಯುಕೆಯನ್ನು ಎರ್ಬಿಲ್‌ನಿಂದ ಓಡಿಸಲು ಸದ್ದಾಂನ ಸೇನೆಯನ್ನೇ ಕರೆತಂದಿತು. ಅನ್ಫಾಲ್ ಆಗಿ ಎಂಟೇ ವರ್ಷ. ಪಿಯುಕೆ ಇರಾನಿನ ನೆರವು ಪಡೆಯಿತು. 1998ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ರಾಜಿ ಆಯಿತು. ಆದರೆ ಗಾಯದ ಗುರುತು ಉಳಿಯಿತು. ಸರ್ಕಾರ ಒಂದೇ, ಪೇಶ್‌ಮರ್ಗಾ ಪಡೆ ಎರಡು. ಪೇಶ್‌ಮರ್ಗಾ ಅಂದರೆ ಸಾವಿಗೆ ಎದೆಯೊಡ್ಡಿದವರು. ಅವರಲ್ಲಿ ಜಾಸ್ತಿ ಜನ ಆದೇಶ ಪಡೆಯುತ್ತಿದ್ದದ್ದು ಸರ್ಕಾರದಿಂದಲ್ಲ, ತಂತಮ್ಮ ಪಕ್ಷದ ಕಚೇರಿಯಿಂದ. 2017ರ ಅಕ್ಟೋಬರ್ 16ರ ಬೀಜ ಇಲ್ಲಿದೆ.

2003ರ ನಂತರ ಕುರ್ದರು ಇರಾಕಿನೊಳಗೇ ಇರುವ ದಾರಿ ಹಿಡಿದರು. 2005ರ ಸಂವಿಧಾನ ಇರಾಕನ್ನು ಒಕ್ಕೂಟ ಎಂದು ಕರೆಯಿತು, ಕುರ್ದಿಷ್ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿತು, ಕುರ್ದಿಸ್ತಾನ ಪ್ರದೇಶವನ್ನು ಒಪ್ಪಿತು. ತಲಬಾನಿ ಇರಾಕಿನ ರಾಷ್ಟ್ರಪತಿಯಾದರು. ಸಂವಿಧಾನದ 140ನೇ ವಿಧಿ ಕಿರ್ಕುಕ್‌ನಂಥ ವಿವಾದದ ಜಾಗಗಳಿಗೆ ದಾರಿ ತೋರಿಸಿತ್ತು. ಸದ್ದಾಂ ಕಾಲದಲ್ಲಿ ಓಡಿಸಿದವರನ್ನು ಮರಳಿ ತರುವುದು, ಆಮೇಲೆ ಜನಗಣತಿ, ಆಮೇಲೆ ಜನಮತ. ಗಡುವು 2007ರ ಡಿಸೆಂಬರ್ 31. ಗಡುವು ಕಳೆಯಿತು, ಕೆಲಸ ಆಗಲಿಲ್ಲ. ಕುರ್ದರು ಬಾಗ್ದಾದನ್ನು ನಂಬದಿರಲು ಈ ಒಂದು ವಿಧಿ ಸಾಕು, ಅಲ್ವಾ?

2014: ಸಿಕ್ಕಿದ ಕಿರ್ಕುಕ್, ನಿಂತ ಸಂಬಳ

2014ರ ಆರಂಭದಲ್ಲಿ ಪ್ರಧಾನಿ ನೂರಿ ಅಲ್ ಮಾಲಿಕಿ ಕುರ್ದಿಸ್ತಾನಕ್ಕೆ ಬರಬೇಕಿದ್ದ ಬಜೆಟ್ ಪಾಲನ್ನು ನಿಲ್ಲಿಸಿದರು. ಆ ಪಾಲು ಕಾಗದದ ಮೇಲೆ ಶೇ. 17 ಇತ್ತು. ಕುರ್ದರು ಬಾಗ್ದಾದನ್ನು ಕೇಳದೆ ಟರ್ಕಿಯ ಜೈಹಾನ್ ಬಂದರಿಗೆ ಕೊಳವೆಯಲ್ಲಿ ತೈಲ ಕಳಿಸುತ್ತಿದ್ದದ್ದು ಜಗಳದ ಮೂಲ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಸರ್ಕಾರದ ಸಂಬಳ, ಪಿಂಚಣಿ ನೆಚ್ಚಿಕೊಂಡ ಪ್ರದೇಶ ಅದು. ಅದೇ ವರ್ಷ ತೈಲದ ಬೆಲೆಯೂ ಬಿತ್ತು. ಶಿಕ್ಷಕರಿಗೆ, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಸಿಗಲಿಲ್ಲ. ಸಿಕ್ಕರೂ ಕಡಿತವಾಗಿ ಸಿಕ್ಕಿತು.

ಜೂನ್‌ನಲ್ಲಿ ಐಸಿಸ್ ಮೋಸುಲ್ ನಗರವನ್ನು ಹಿಡಿಯಿತು. ಇರಾಕಿ ಸೇನೆ ಕಿರ್ಕುಕ್‌ನ ಠಾಣೆಗಳನ್ನು ಬಿಟ್ಟು ಓಡಿತು. ಜೂನ್ 12ರಂದು ಪೇಶ್‌ಮರ್ಗಾ ಒಳಗೆ ಬಂತು. ಗುಂಡು ಹಾರಿಸುವ ಪ್ರಮೇಯವೇ ಬರಲಿಲ್ಲ ಅನ್ನುವಷ್ಟು ಸುಲಭವಾಗಿ, ತಲೆಮಾರುಗಳಿಂದ ಹಾಡಿ ಹಂಬಲಿಸಿದ ಊರು ಕೈಗೆ ಬಂತು. ಜೊತೆಗೆ ಅದರ ತೈಲಬಾವಿಗಳೂ ಬಂದವು. ಮುಂದಿನ ತಿಂಗಳೇ ಕುರ್ದಿಸ್ತಾನ ಪ್ರದೇಶದ ಅಧ್ಯಕ್ಷರಾಗಿದ್ದ ಮಸೂದ್ ಬರ್ಜಾನಿ ಅಲ್ಲಿನ ಸಂಸತ್ತಿಗೆ ಹೋಗಿ, ಜನಮತಗಣನೆಗೆ ತಯಾರಿ ಮಾಡಿ ಎಂದರು. ಆಗಸ್ಟ್‌ನಲ್ಲಿ ಐಸಿಸ್ ಕುರ್ದರ ಮೇಲೇ ತಿರುಗಿ, ಸಿಂಜಾರ್‌ನಲ್ಲಿ ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದವರ ನರಮೇಧ ನಡೆದು, ಎರ್ಬಿಲ್ ಬಾಗಿಲಿಗೇ ಅಪಾಯ ಬಂದಾಗ ಆ ಮಾತು ತಣ್ಣಗಾಯಿತು. ಅಮೆರಿಕದ ವಿಮಾನಗಳು ಬಂದು ನೆರವಾದವು.

ಮೂರು ವರ್ಷ ಪೇಶ್‌ಮರ್ಗಾ ಐಸಿಸ್ ಜೊತೆ ಕಾದಾಡಿದರು. ಜಗತ್ತು ಅವರನ್ನು ಹೊಗಳಿತು. ಇಷ್ಟು ರಕ್ತ ಕೊಟ್ಟಿದ್ದೇವೆ, ನಮ್ಮ ಮಾತಿಗೆ ಈಗ ಬೆಲೆ ಸಿಗುತ್ತದೆ ಎಂದು ಅವರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಹೊಗಳಿಕೆ ಬೇರೆ, ಭರವಸೆ ಬೇರೆ.

ಮುಚ್ಚಿದ ಸಂಸತ್ತು

ಇನ್ನೊಂದು ಸಂಗತಿ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಮಸೂದ್ ಬರ್ಜಾನಿಯ ಅಧ್ಯಕ್ಷ ಅವಧಿ 2013ಕ್ಕೆ ಮುಗಿಯಬೇಕಿತ್ತು. ಸಂಸತ್ತು ಎರಡು ವರ್ಷ ವಿಸ್ತರಿಸಿತು. 2015ರ ಆಗಸ್ಟ್‌ನಲ್ಲಿ ಅದೂ ಮುಗಿಯಿತು. ಅವರು ಇಳಿಯಲಿಲ್ಲ. ಅಕ್ಟೋಬರ್‌ನಲ್ಲಿ ಸಂಸತ್ತಿನ ಸ್ಪೀಕರ್ ಎರ್ಬಿಲ್‌ಗೆ ಬರುತ್ತಿದ್ದಾಗ ದಾರಿಯಲ್ಲೇ ತಡೆದು ವಾಪಸ್ ಕಳಿಸಿದರು. ಅವರು ಗೊರಾನ್ ಪಕ್ಷದವರು. ಗೊರಾನ್ ಅಂದರೆ ಬದಲಾವಣೆ. ಆಮೇಲೆ ಸುಮಾರು ಎರಡು ವರ್ಷ ಸಂಸತ್ತು ಸೇರಲೇ ಇಲ್ಲ.

2017ರ ಜೂನ್ 7ರಂದು ಬರ್ಜಾನಿ ಪಕ್ಷಗಳ ಸಭೆ ಕರೆದು ಸೆಪ್ಟೆಂಬರ್ 25 ಎಂದು ದಿನ ಗೊತ್ತು ಮಾಡಿದರು. ಸಂಸತ್ತು ಬಾಗಿಲು ತೆರೆದದ್ದು ಸೆಪ್ಟೆಂಬರ್ 15ಕ್ಕೆ, ಮತದಾನಕ್ಕೆ ಹತ್ತೇ ದಿನ ಇರುವಾಗ. 111 ಸದಸ್ಯರಲ್ಲಿ ಬಂದವರು 68 ಮಂದಿ. 65 ಮಂದಿ ಒಪ್ಪಿಗೆ ಕೊಟ್ಟರು. ಗೊರಾನ್ ಸದಸ್ಯರು ಬರಲಿಲ್ಲ.

ಒಂದು ದೇಶ ಕಟ್ಟುವ ತೀರ್ಮಾನ. ಅದಕ್ಕೆ ನಾಡಿನ ಸಂಸತ್ತು ಕೊಟ್ಟ ಸಮಯ ಒಂದು ಸಂಜೆ. ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ನೋವು ಕೊಡುವ ಜಾಗ ಇದು. ಸುಲೈಮಾನಿಯಾ ಕಡೆ ‘ಈಗ ಬೇಡ’ ಎಂಬ ಚಳವಳಿಯೇ ಹುಟ್ಟಿತು. ಅವರು ಸ್ವಾತಂತ್ರ್ಯದ ವಿರೋಧಿಗಳಲ್ಲ. ಸಂಬಳ ಕೊಡಲಾಗದ, ಸಂಸತ್ತು ನಡೆಸಲಾಗದ ಸರ್ಕಾರ ದೇಶ ಹೇಗೆ ನಡೆಸುತ್ತದೆ ಎಂದು ಅವರು ಕೇಳಿದರು. ಅವರನ್ನು ದ್ರೋಹಿಗಳು ಎಂದು ಜರೆದವರೂ ಇದ್ದರು. ಎರ್ಬಿಲ್, ದುಹೋಕ್‌ಗೆ ಹೋಲಿಸಿದರೆ ಸುಲೈಮಾನಿಯಾದಲ್ಲಿ ಮತದಾನ ಕಡಿಮೆ ಆಯಿತು. ಆ ಮೌನವನ್ನು ಯಾರೂ ಎಣಿಸಲಿಲ್ಲ.

ಹಾಗಾದರೆ ಬರ್ಜಾನಿ ಯಾಕೆ ಮುಂದುವರಿದರು? ಕುರ್ಚಿ ಉಳಿಸಿಕೊಳ್ಳಲು ಎಂದು ಅವರ ಎದುರಾಳಿಗಳು ಹೇಳುತ್ತಾರೆ. ಅಷ್ಟೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಜುಲೈನಲ್ಲಿ ಮೋಸುಲ್ ಬಿಡುಗಡೆಯಾಗಿತ್ತು. ಐಸಿಸ್ ಮುಗಿದರೆ ಜಗತ್ತಿಗೆ ಕುರ್ದರು ಮತ್ತೆ ಬೇಡವಾಗುತ್ತಾರೆ ಎಂಬುದನ್ನು 1975 ಕಲಿಸಿತ್ತು. ಕಿರ್ಕುಕ್ ಕೈಯಲ್ಲಿದೆ, ಪೇಶ್‌ಮರ್ಗಾ ಹೆಸರು ಎಲ್ಲರ ಬಾಯಲ್ಲಿದೆ. ಈಗಲ್ಲದಿದ್ದರೆ ಯಾವಾಗ? ಈ ಲೆಕ್ಕ ಹುಚ್ಚುತನವಲ್ಲ. ಆದರೆ ಅದೇ 1975 ಇನ್ನೊಂದು ಪಾಠವನ್ನೂ ಕಲಿಸಿತ್ತು. ನೀರು ಕಟ್ಟುವವರು ಮೇಲಿದ್ದಾರೆ.

ಮತಪತ್ರದೊಳಗಿನ ಊರು

ಅಮೆರಿಕ, ಬ್ರಿಟನ್, ವಿಶ್ವಸಂಸ್ಥೆ ಕೊನೆಯವರೆಗೂ ಬೇಡ ಎಂದವು. ಮತದಾನ ಮುಂದೂಡಿ, ಬಾಗ್ದಾದ್ ಜೊತೆ ಗಡುವಿಟ್ಟು ಮಾತಾಡಿ, ವಿಶ್ವಸಂಸ್ಥೆ ನಡುವೆ ನಿಲ್ಲುತ್ತದೆ ಎಂಬ ಬದಲಿ ಪ್ರಸ್ತಾವವೂ ಬಂತು. ಅದು ಸಾಲದು ಎಂದು ಎರ್ಬಿಲ್ ಬದಿಗಿಟ್ಟಿತು. ಸೆಪ್ಟೆಂಬರ್ 18ರಂದು ಇರಾಕಿನ ಸುಪ್ರೀಂ ಕೋರ್ಟ್ ಮತದಾನ ನಿಲ್ಲಿಸಲು ಆದೇಶ ಕೊಟ್ಟಿತು. ಬಹಿರಂಗವಾಗಿ ಬೆಂಬಲಿಸಿದ ಸರ್ಕಾರ ಇಸ್ರೇಲ್ ಒಂದೇ. ಅಕ್ಕಪಕ್ಕದಲ್ಲಿ ಅದರಿಂದ ಕೋಪ ಹೆಚ್ಚಿತೇ ಹೊರತು ಲಾಭವಾಗಲಿಲ್ಲ.

ಆದರೂ ಎಲ್ಲಕ್ಕಿಂತ ದೊಡ್ಡ ಅಪಾಯ ಮತಪತ್ರದ ಆ ಪ್ರಶ್ನೆಯೊಳಗೇ ಇತ್ತು: ‘ಆಡಳಿತದ ಆಚೆಗಿರುವ ಜಾಗಗಳು’. ಅಂದರೆ ಕಿರ್ಕುಕ್, ಖಾನಕಿನ್, ಸಿಂಜಾರ್, ಮಖ್ಮೂರ್. ಕಿರ್ಕುಕ್‌ನಲ್ಲಿ ಕುರ್ದರ ಜೊತೆ ಅರಬರೂ ತುರ್ಕ್‌ಮನ್ನರೂ ತಲೆಮಾರುಗಳಿಂದ ಇದ್ದಾರೆ. ಊರು ನಮ್ಮದೇ ಎಂದು ಮೂವರಿಗೂ ಅನಿಸುತ್ತದೆ. 2014ರ ನಂತರ ಪೇಶ್‌ಮರ್ಗಾ ಹಿಡಿತದ ಕೆಲವು ಹಳ್ಳಿಗಳಲ್ಲಿ ಅರಬರ ಮನೆಗಳನ್ನು ಕೆಡವಿದ್ದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿದ್ದವು. ಅರಬರೂ ತುರ್ಕ್‌ಮನ್ನರೂ ಈ ಮತದಾನವನ್ನು ತಮ್ಮ ತಲೆಯ ಮೇಲೆ ನಡೆದದ್ದೆಂದು ಭಾವಿಸಿದರೆ ಅದನ್ನು ತಳ್ಳಿಹಾಕಲಾಗದು. ಓಡಿಸಿಕೊಂಡ ನೋವು ಏನೆಂದು ಕುರ್ದರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರ್ಬಿಲ್, ದುಹೋಕ್, ಸುಲೈಮಾನಿಯಾದಲ್ಲಿ ಮಾತ್ರ ಮತದಾನ ನಡೆದಿದ್ದರೆ? ಆಗಲೂ ಬಾಗ್ದಾದ್ ಸಿಟ್ಟಾಗುತ್ತಿತ್ತು. ಆದರೆ ಟ್ಯಾಂಕ್ ಕಳಿಸಲು ಕಾರಣ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಮತ್ತೊಂದು ಕಡೆ, ‘ಕಿರ್ಕುಕ್ ಕುರ್ದಿಸ್ತಾನದ ಹೃದಯ’ ಎಂದು ಹೇಳಿಕೊಂಡೇ ಬೆಳೆದ ನಾಯಕರು ಅದನ್ನು ಹೊರಗಿಟ್ಟು ಜನರ ಮುಂದೆ ಹೋಗುವುದೂ ಆಗದ ಮಾತಾಗಿತ್ತು.

ಆ 21 ದಿನ

ಮತದಾನದ ದಿನವೇ ಇರಾಕಿ ಸಂಸತ್ತು ವಿವಾದದ ಜಾಗಗಳಿಗೆ ಸೇನೆ ಕಳಿಸುವಂತೆ ಪ್ರಧಾನಿ ಹೈದರ್ ಅಲ್ ಅಬಾದಿಗೆ ಹೇಳಿತು. ಟರ್ಕಿಯ ಎರ್ದೊಗಾನ್ ತೈಲದ ವಾಲ್ವ್ ನಮ್ಮ ಕೈಯಲ್ಲಿದೆ ಎಂದು ನೆನಪಿಸಿದರು. ಸೆಪ್ಟೆಂಬರ್ 29ರ ಸಂಜೆಯಿಂದ ಎರ್ಬಿಲ್, ಸುಲೈಮಾನಿಯಾ ವಿಮಾನ ನಿಲ್ದಾಣಗಳಿಗೆ ಹೊರದೇಶದ ವಿಮಾನಗಳು ನಿಂತವು. ನಮ್ಮ ದೇಶದವರಿಗೂ ಆ ನಿಲ್ದಾಣದ ನೆನಪಿದೆ. 2014ರಲ್ಲಿ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದಿದ್ದ 46 ನರ್ಸ್‌ಗಳು, ಹೆಚ್ಚಿನವರು ಕೇರಳದವರು, ಊರಿಗೆ ಹಾರಿದ್ದು ಎರ್ಬಿಲ್‌ನಿಂದಲೇ. ಸಮುದ್ರವಿಲ್ಲದ ನಾಡು ಅದು. ಆಕಾಶದ ಬಾಗಿಲನ್ನೂ ಬಾಗ್ದಾದ್ ಒಂದು ಆದೇಶದಿಂದ ಮುಚ್ಚಿತು.

ಅಕ್ಟೋಬರ್ 3ರಂದು ಜಲಾಲ್ ತಲಬಾನಿ ಬರ್ಲಿನ್‌ನಲ್ಲಿ ತೀರಿಕೊಂಡರು. ಬಾಗ್ದಾದ್, ತೆಹರಾನ್, ಎರ್ಬಿಲ್ ಮೂರೂ ಕಡೆ ಫೋನ್ ಎತ್ತಿ ಮಾತಾಡಬಲ್ಲವರು ಅವರು. 2012ರ ಪಾರ್ಶ್ವವಾಯುವಿನ ನಂತರ ರಾಜಕೀಯದಿಂದ ದೂರವೇ ಇದ್ದರು. ಪಿಯುಕೆಯೊಳಗೆ ಅವರ ಜಾಗಕ್ಕೆ ಆಗಲೇ ಎಳೆದಾಟ ನಡೆದಿತ್ತು.

ಮುಂದೆ ಆದದ್ದನ್ನು ಕುರ್ದರು ಇಂದಿಗೂ ಎರಡು ಬಗೆಯಲ್ಲಿ ಹೇಳುತ್ತಾರೆ. ತಲಬಾನಿಯವರ ಮಗ ಬಾಫೆಲ್ ಮತ್ತು ಅವರ ಬಳಗ ಬಾಗ್ದಾದ್ ಜೊತೆ ಮಾತುಕತೆ ನಡೆಸಿತು. ನಡುವೆ ಇರಾನಿನ ಸೇನಾನಿ ಕಾಸಿಮ್ ಸುಲೈಮಾನಿ ಓಡಾಡಿದರು. ಅಕ್ಟೋಬರ್ 15ರ ರಾತ್ರಿ ಇರಾಕಿ ಸೇನೆ ಮತ್ತು ಅದರ ಜೊತೆಗಿನ ಶಿಯಾ ಪಡೆಗಳು ಹೊರಟವು. ಕಿರ್ಕುಕ್ ಕಾಯುತ್ತಿದ್ದ ಪಿಯುಕೆ ಪೇಶ್‌ಮರ್ಗಾದ ದೊಡ್ಡ ಭಾಗ ಹಿಂದೆ ಸರಿಯಿತು. ಪಕ್ಷದ ಹಿರಿಯ ಕೊಸ್ರತ್ ರಸೂಲ್ ಅವರಂಥವರು ಇದನ್ನು ಒಪ್ಪಲಿಲ್ಲ. ಕೆಲವೆಡೆ ಗುಂಡಿನ ಕಾಳಗವೂ ಆಯಿತು. ಎದುರು ಬಂದ ಟ್ಯಾಂಕ್‌ಗಳಲ್ಲಿ ಅಮೆರಿಕ ಐಸಿಸ್ ವಿರುದ್ಧ ಹೋರಾಡಲೆಂದು ಇರಾಕಿಗೆ ಕೊಟ್ಟವೂ ಇದ್ದವು. ಅಮೆರಿಕ ತಾನು ಯಾರ ಕಡೆಯೂ ಅಲ್ಲ ಎಂದಿತು.

ಇದು ಖಿಯಾನತ್, ದ್ರೋಹ ಎಂದು ಕೆಡಿಪಿ ಹೇಳುತ್ತದೆ. ಸೋಲು ಖಚಿತವಿದ್ದ ಯುದ್ಧದಿಂದ ಹುಡುಗರ ಜೀವ ಉಳಿಸಿದೆವು ಎಂದು ಬಾಫೆಲ್ ಕಡೆಯವರು ಹೇಳುತ್ತಾರೆ. ನಾನು ಎರಡನ್ನೂ ಪೂರ್ತಿ ಒಪ್ಪಲಾರೆ. ಒಂದು ಪಕ್ಷ ಕೇಳದೆ ಮುಂದೆ ನುಗ್ಗಿತು, ಇನ್ನೊಂದು ಹೇಳದೆ ಹಿಂದೆ ಸರಿಯಿತು. ಎರಡೂ ಕಡೆ ಸರ್ಕಾರ ಇರಲಿಲ್ಲ, ಪಕ್ಷ ಇತ್ತು. ಹೌದು ಎಂದ ಸುಮಾರು 28 ಲಕ್ಷ ಜನರಲ್ಲಿ ಒಬ್ಬರಿಗೂ ಆ ರಾತ್ರಿ ಏನು ನಡೆಯುತ್ತಿದೆ ಎಂದು ತಿಳಿಸುವವರಿರಲಿಲ್ಲ.

2014ರಿಂದ ಹಿಡಿದಿದ್ದ ಜಾಗಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಹೋದವು. ತೈಲ ರಫ್ತು ಹೆಚ್ಚೂಕಡಿಮೆ ಅರ್ಧಕ್ಕೆ ಬಿತ್ತು. ತೂಜ್ ಖುರ್ಮಾತು ಪಟ್ಟಣದಲ್ಲಿ ಕುರ್ದರ ಮನೆ, ಅಂಗಡಿಗಳನ್ನು ಲೂಟಿ ಮಾಡಿ ಸುಟ್ಟರು. ಅಕ್ಟೋಬರ್ 25ರಂದು ಎರ್ಬಿಲ್ ಫಲಿತಾಂಶವನ್ನು ತಡೆಹಿಡಿಯಲು ಸಿದ್ಧ ಎಂದಿತು. ನವೆಂಬರ್ 1ರ ನಂತರ ಅಧ್ಯಕ್ಷನಾಗಿ ಮುಂದುವರಿಯುವುದಿಲ್ಲ ಎಂದು ಬರ್ಜಾನಿ ಸಂಸತ್ತಿಗೆ ಪತ್ರ ಬರೆದರು. ನವೆಂಬರ್ 20ರಂದು ಇರಾಕಿನ ಕೋರ್ಟ್ ಜನಮತಗಣನೆಯೇ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 2018ರ ಬಜೆಟ್‌ನಲ್ಲಿ ಕುರ್ದಿಸ್ತಾನದ ಪಾಲು ಶೇ. 12.67ಕ್ಕೆ ಇಳಿಯಿತು. ವಿಮಾನಗಳು ಮತ್ತೆ ಇಳಿದದ್ದು 2018ರ ಮಾರ್ಚ್‌ನಲ್ಲಿ.

ಆಮೇಲೆ

ಸ್ವಾತಂತ್ರ್ಯ ಕೈಗೆ ಬರಲಿಲ್ಲ ಎಂದ ಮಾತ್ರಕ್ಕೆ ಏಕತೆಯ ದಾರಿ ಸರಿಯಾಗಿತ್ತು ಎಂದು ಬಾಗ್ದಾದ್ ತೋರಿಸಿತೇ? ಇಲ್ಲ. 2022ರ ಫೆಬ್ರವರಿಯಲ್ಲಿ ಕೋರ್ಟ್ ಕುರ್ದಿಸ್ತಾನದ ತೈಲ ಕಾನೂನನ್ನೇ ರದ್ದು ಮಾಡಿತು. 2023ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಮಧ್ಯಸ್ಥಿಕೆ ತೀರ್ಪಿನ ನಂತರ ಜೈಹಾನ್ ಕೊಳವೆ ನಿಂತಿತು. ಮತ್ತೆ ತೈಲ ಹರಿಯಲು 2025ರ ಸೆಪ್ಟೆಂಬರ್ ಬರಬೇಕಾಯಿತು. ಸಂಬಳದ ಗೋಳು ಮುಗಿದಿಲ್ಲ. ತಿಂಗಳ ಕೊನೆಗೆ ಬಾಗ್ದಾದ್ ಹಣ ಕಳಿಸುತ್ತದೋ ಇಲ್ಲವೋ ಎಂದು ಕಾಯುವ ಶಿಕ್ಷಕನಿಗೆ ಒಕ್ಕೂಟ ಎಂಬ ಮಾತು ಹೇಗೆ ಹಿಡಿಸೀತು? ಸಂವಿಧಾನದಲ್ಲಿ ಬರೆದದ್ದನ್ನು ಪಾಲಿಸದೆ ಸಂವಿಧಾನದ ಹೆಸರಲ್ಲಿ ಏಕತೆ ಕೇಳುವುದು ನ್ಯಾಯವಲ್ಲ.

ಕುರ್ದರ ಒಳಮನೆಯೂ ಅಲ್ಲೇ ಇದೆ. 2024ರ ಅಕ್ಟೋಬರ್ 20ರ ಚುನಾವಣೆಯಲ್ಲಿ 100 ಸ್ಥಾನಗಳಲ್ಲಿ ಕೆಡಿಪಿಗೆ 39, ಪಿಯುಕೆಗೆ 23 ಬಂದವು. ವರ್ಷ ಕಳೆದರೂ ಇಬ್ಬರೂ ಸೇರಿ ಸಂಪುಟ ರಚಿಸಲು ಆಗಲಿಲ್ಲ. ಪೇಶ್‌ಮರ್ಗಾವನ್ನು ಪಕ್ಷಗಳಿಂದ ಬಿಡಿಸಿ ಒಂದೇ ಪಡೆ ಮಾಡುವ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ.

ಕಿರ್ಕುಕ್‌ನಲ್ಲಿ 2024ರ ಆಗಸ್ಟ್‌ನಲ್ಲಿ ಮತ್ತೆ ಕುರ್ದ್ ಗವರ್ನರ್ ಬಂದರು, ಪಿಯುಕೆಯವರು. ಆ ಆಯ್ಕೆಯ ಸಭೆಗೆ ಕೆಡಿಪಿ ಸದಸ್ಯರು ಹೋಗಲಿಲ್ಲ. ಅದೇ ವರ್ಷ ನವೆಂಬರ್ 20 ಮತ್ತು 21ರಂದು ಇರಾಕಿನಲ್ಲಿ ಜನಗಣತಿ ನಡೆಯಿತು. ಕುರ್ದಿಸ್ತಾನವೂ ಸೇರಿ ಇಡೀ ದೇಶವನ್ನು ಎಣಿಸಿದ್ದು 1987ರ ನಂತರ ಅದೇ ಮೊದಲು. ಎರಡು ದಿನ ಕರ್ಫ್ಯೂ ಹಾಕಿ, ಜನರನ್ನು ಮನೆಯಲ್ಲಿ ಕೂರಿಸಿ, ಎಣಿಸುವವರು ಬಾಗಿಲಿಂದ ಬಾಗಿಲಿಗೆ ಹೋದರು. 140ನೇ ವಿಧಿ ಕೇಳಿದ್ದ ಎರಡನೆಯ ಮೆಟ್ಟಿಲು ಜನಗಣತಿಯೇ ಆಗಿತ್ತು. ಆದರೆ ಜಗಳ ಬೇಡವೆಂದು ಜನಾಂಗದ ಪ್ರಶ್ನೆಯನ್ನು ಮೊದಲೇ ತೆಗೆದಿದ್ದರು. ಕಿರ್ಕುಕ್‌ನ ಮನೆಗಳಲ್ಲಿ ಕೋಣೆ ಎಷ್ಟು, ಮಕ್ಕಳು ಎಷ್ಟು, ದುಡಿಮೆ ಏನು ಎಂದು ಕೇಳಿ ಬರೆದುಕೊಂಡರು. ನೀವು ಕುರ್ದರೋ, ಅರಬರೋ, ತುರ್ಕ್‌ಮನ್ನರೋ ಎಂದು ಯಾರೂ ಕೇಳಲಿಲ್ಲ.